ಬೂದಿ ದಿಬ್ಬಗಳ ಜಗಳ



ಪುರಾತತ್ವ ಎಂದರೆ ಅಗೆಯುವುದು, ಸಿಕ್ಕಿದ್ದರ ವಯಸ್ಸು ಹೇಳುವುದು, ಮ್ಯೂಸಿಯಂನಲ್ಲಿ ಇಡುವುದು, ಅಷ್ಟೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಆದರೆ ಸಿಕ್ಕಿದ್ದು ಏನೆಂದು ಖಚಿತವಾದ ಮೇಲೂ ದೊಡ್ಡ ಜಗಳ ಉಳಿಯುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ.

ಮಡಕಶಿರಾ ಕಡೆಯವರಿಗೆ ಹೇಮಾವತಿ ಗೊತ್ತು. ಅಲ್ಲಿ ನೊಳಂಬರ ಕನ್ನಡ ಶಾಸನಗಳಿವೆ; ರಾಜರು ತಾವೇ ಮಾತಾಡುತ್ತಾರೆ. ರಾಯದುರ್ಗದ ಕಡೆಯ ಕಥೆ ಬೇರೆ. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯದ್ದೇ ತಾಲ್ಲೂಕು. ಆ ಬಳ್ಳಾರಿಯ ಕುಡತಿನಿ, ಹಂಪಿ ಹತ್ತಿರದ ನಿಂಬಾಪುರ, ನಮ್ಮ ಅನಂತಪುರ ಜಿಲ್ಲೆಯ ಪಾಲವಾಯಿ, ಇಲ್ಲೆಲ್ಲ ಬೂದಿಯ ದಿಬ್ಬಗಳಿವೆ. ಅಕ್ಷರ ಒಂದೂ ಇಲ್ಲ.

ನಿಂಬಾಪುರದ್ದು ವಾಲಿಯನ್ನು ಸುಟ್ಟ ಬೂದಿ ಎಂದು ಊರಿನವರ ನಂಬಿಕೆ. ಬ್ರಿಟಿಷರ ಕಾಲದಲ್ಲಿ ಜ್ವಾಲಾಮುಖಿ, ಕಬ್ಬಿಣದ ಕುಲುಮೆ, ಯುದ್ಧದಲ್ಲಿ ಸತ್ತವರ ಚಿತೆ ಎಂದೆಲ್ಲ ಊಹಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಇದು ದನದ ಸಗಣಿ ಸುಟ್ಟ ಬೂದಿ ಎಂದರು. 1957ರಲ್ಲಿ ರೇಮಂಡ್ ಆಲ್ಚಿನ್ ತೆಲಂಗಾಣದ ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ ಬೇಲಿಯ ಗೂಟದ ಗುಳಿಗಳು, ದನಗಳ ಗೊರಸಿನ ಗುರುತುಗಳು ಸಿಕ್ಕವು. ಅದೊಂದು ದೊಡ್ಡ ದೊಡ್ಡಿ. ಮತ್ತೆ ಮತ್ತೆ ಸುಟ್ಟು ಮತ್ತೆ ಮತ್ತೆ ಕಟ್ಟಿದ್ದು. 1960ರಲ್ಲಿ ಝಾಯ್ನರ್ ಎಂಬವರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಸಗಣಿಯೇ ಎಂದು ತೋರಿಸಿದರು. ಕಾಲ ನಾಲ್ಕು ಸಾವಿರ ವರ್ಷಗಳ ಆಚೀಚೆ.

ಸರಿ, ಸಗಣಿ. ಆದರೆ ಯಾಕೆ ಸುಟ್ಟರು? ಒಂದು ಬುಟ್ಟಿ ಗೊಬ್ಬರಕ್ಕೂ ಲೆಕ್ಕ ಹಾಕುವ ನಮ್ಮ ಮನೆಗಳಲ್ಲಿ ಕೇಳಿ ನೋಡಿ, ಹುಚ್ಚು ಎನ್ನುತ್ತಾರೆ.

ಇಲ್ಲಿಂದ ಸಿದ್ಧಾಂತಗಳ ವಾದ. 1960ರ ದಶಕದಲ್ಲಿ ಅಮೆರಿಕದ ಲೂಯಿಸ್ ಬಿನ್‌ಫರ್ಡ್, ಪುರಾತತ್ವ ವಿಜ್ಞಾನದಂತೆ ನಡೆಯಬೇಕು, ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು, ಜನ ತಮ್ಮ ಪರಿಸರದಲ್ಲಿ ಹೇಗೆ ಬದುಕಿದರೆಂದು ವಿವರಿಸಬೇಕು ಎಂದರು. 1980ರ ದಶಕದಲ್ಲಿ ಕೇಂಬ್ರಿಡ್ಜ್‌ನ ಇಯಾನ್ ಹಾಡರ್ ಮತ್ತು ಸಂಗಡಿಗರು ತಿರುಗಿಬಿದ್ದರು: ವಸ್ತುಗಳಿಗೆ ಅರ್ಥವಿರುತ್ತದೆ, ನಂಬಿಕೆ ಇರುತ್ತದೆ, ಅಗೆಯುವವನ ಕಣ್ಣಿಗೂ ಅವನ ಕಾಲದ ಬಣ್ಣ ಇರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರಲ್ಲಿ ಈ ಜಗಳದ ಮೇಲೆಯೇ ಪುಸ್ತಕ ಬರೆದರು. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಅವರು ಅಗೆದಾಗ ದಿಬ್ಬದ ಪಕ್ಕದಲ್ಲೇ ಮನೆಗಳು, ದನ ಕಡಿದು ಮಾಂಸ ಮಾಡುತ್ತಿದ್ದ ನೆಲ, ಕಲ್ಲಿನ ಆಯುಧ ಮಾಡುವ ಜಾಗ ಸಿಕ್ಕವು. ಅಂದರೆ ದಿಬ್ಬ ಊರಿನ ದಿನದ ಬದುಕಿನ ಭಾಗ. 2004ರಲ್ಲಿ ಪೀಟರ್ ಜೊಹಾನ್ಸೆನ್, ನಿಕೋಲ್ ಬೊಯ್ವಿನ್ ಇಬ್ಬರೂ ಬೇರೆ ಬೇರೆಯಾಗಿ ಬರೆದು, ಆಚರಣೆಯ ಕಡೆಗೆ ಗಮನ ಸೆಳೆದರು: ಇವು ಬರೀ ಕಸದ ರಾಶಿಯಲ್ಲ, ಜನ ಕೂಡಿ ಎತ್ತರಿಸಿದ ಸ್ಮಾರಕಗಳೂ ಇರಬಹುದು.

ಬಿಎಸ್ಸಿ ಓದಿದ ನಮಗೆ ಮೊದಲ ಪಕ್ಷವೇ ಹಿತ. ಆದರೆ ಬೂದಿ ಬುಧವಾರವನ್ನು ನೆನೆಸಿಕೊಳ್ಳಿ. ನಮ್ಮ ಹಣೆಯ ಬೂದಿಯನ್ನು ಲ್ಯಾಬಿಗೆ ಕೊಟ್ಟರೆ ಸುಟ್ಟ ಗರಿ ಎಂದು ಹೇಳಬಹುದು. ಹಿಂದಿನ ವರ್ಷದ ಗರಿಗಳ ಭಾನುವಾರ, ಪಶ್ಚಾತ್ತಾಪ, ತಪಸ್ಸು ಕಾಲದ ಆರಂಭ, ಇದು ಯಾವ ಸೂಕ್ಷ್ಮದರ್ಶಕಕ್ಕೂ ಕಾಣದು. ಹಾಗೆಂದು ಲ್ಯಾಬ್ ಬೇಡವೇ? ಬೇಕು. ಅದಿಲ್ಲದಿದ್ದರೆ ನಾವಿನ್ನೂ ಜ್ವಾಲಾಮುಖಿ ಎನ್ನುತ್ತಿದ್ದೆವು.

ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ, ಓಹ್ ಅದೇ ಇದು ಎನಿಸುತ್ತದೆ. ಆಲ್ಚಿನ್ ಕೂಡ ಇಂಥ ಬೆಂಕಿಯ ಹಬ್ಬಗಳತ್ತ ಕೈ ತೋರಿಸಿದ್ದರು. ನಮಗೂ ಆ ಹೋಲಿಕೆ ಇಷ್ಟ, ಆದರೆ ಪೂರ್ತಿ ನಂಬುವುದಿಲ್ಲ. ಎರಡು ಸಾವಿರ ವರ್ಷದ ನಮ್ಮ ಧರ್ಮಸಭೆಯಲ್ಲೇ ಎಷ್ಟು ಆಚರಣೆಗಳು ಬದಲಾಗಿವೆ! ನಾಲ್ಕು ಸಾವಿರ ವರ್ಷದ ಹಿಂದಿನವರ ಮನಸ್ಸನ್ನು ಈಗಿನ ಹಬ್ಬದಿಂದ ನೇರವಾಗಿ ಓದಲಾಗದು.

ವಾದ ತೀರಬೇಕಾದರೆ ಪದರಗಳು ಬೇಕು: ಯಾವುದು ಎಷ್ಟು ಬಿಸಿಯಲ್ಲಿ ಸುಟ್ಟಿತು, ನಡುವೆ ಎಷ್ಟು ಕಾಲ ದೊಡ್ಡಿ ಖಾಲಿಯಿತ್ತು, ಯಾವುದರ ಮೇಲೆ ಯಾವುದು. ಹೊಲಕ್ಕೆಂದೂ ರಸ್ತೆಗೆಂದೂ ಬೂದಿ ಹೊತ್ತು ಹಲವು ದಿಬ್ಬಗಳು ಕರಗಿವೆ. ಟ್ರ್ಯಾಕ್ಟರ್‌ನಲ್ಲಿ ತುಂಬಿದ ಬೂದಿ ಆಗಲೂ ಸಗಣಿಯ ಬೂದಿಯೇ, ಲ್ಯಾಬು ಹಾಗೆಯೇ ಹೇಳುತ್ತದೆ. ಯಾವುದರ ಮೇಲೆ ಯಾವುದು ಇತ್ತು ಎಂಬುದು ಮಾತ್ರ ಹೋಗಿರುತ್ತದೆ.