ಕೀಲುನೋವಿನವರಿಗೆ ಗುಂಪು ವ್ಯಾಯಾಮ: ಶಿಕಾರಿಪುರ, ಸೊರಬ ಭಾಗದವರಿಗೆ ಮಾಹಿತಿ

ಸಂಧಿವಾತ ಎಂದರೆ ಒಂದೇ ಕಾಯಿಲೆಯಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕೀಲಿನ ಮೃದುಎಲುಬು ಸವೆದು ಬರುವ ಆಸ್ಟಿಯೋ ಆರ್ಥ್ರೈಟಿಸ್. ಐವತ್ತು ದಾಟಿದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಹೆಚ್ಚಾಗಿ ಮಂಡಿಯನ್ನೇ ಹಿಡಿಯುತ್ತದೆ. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಬಿಗಿತ ಒಂದು ಗಂಟೆ ಮೀರಿ, ಎರಡೂ ಕೈಬೆರಳುಗಳ ಗೆಣ್ಣು ಊದಿದ್ದರೆ ರುಮಟಾಯ್ಡ್ ಇರಬಹುದು. ಅದಕ್ಕೆ ತಡಮಾಡದೆ ಔಷಧ ಶುರುವಾಗಬೇಕು, ಬರೀ ವ್ಯಾಯಾಮ ಸಾಲದು.

ಮಲೆನಾಡಿನಲ್ಲಿ ಇನ್ನೊಂದಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮಂಡಿ ಕೀಲುಗಳನ್ನು ಚಿಕ್ಕ ವಯಸ್ಸಿನಲ್ಲೇ ಕೆಡಿಸುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬಡ ಕುಟುಂಬಗಳಲ್ಲಿ ಕಂಡ ಇದು ವಂಶಪಾರಂಪರ್ಯ ಕಾಯಿಲೆ. ವ್ಯಾಯಾಮದಿಂದ ವಾಸಿಯಾಗುವಂಥದ್ದಲ್ಲ, ಮೂಳೆ ವೈದ್ಯರೇ ನೋಡಬೇಕು. ಆದರೂ ನಮ್ಮ ಸಮುದಾಯ ಭವನದಲ್ಲಿ ತರಗತಿ ನಡೆದರೆ ಬಾಗಿಲು ಎಲ್ಲ ಸಮಾಜದವರಿಗೂ ತೆರೆದಿರಲಿ ಎಂಬುದು ನನ್ನ ಅಭಿಪ್ರಾಯ.

ಸವೆದ ಕೀಲನ್ನು ಆಡಿಸಿದರೆ ಮತ್ತಷ್ಟು ಸವೆಯುತ್ತದೆ ಎಂಬ ಹೆದರಿಕೆ ಬಹಳ ಜನಕ್ಕಿದೆ. ನಿಜ ಬೇರೆ. ಮೃದುಎಲುಬಿಗೆ ರಕ್ತನಾಳವಿಲ್ಲ, ಕೀಲು ಆಡಿದಾಗಲೇ ಒಳಗಿನ ದ್ರವದಿಂದ ಅದಕ್ಕೆ ಪೋಷಣೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಹೊರೆ ತಗ್ಗುತ್ತದೆ. ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ನಮ್ಮಂಥ ಗದ್ದಿಯ ಮೇಲೆ ಕೂತೇ ದಿನ ಕಳೆಯುವ ವ್ಯಾಪಾರಿಗಳು ಈ ಲೆಕ್ಕವನ್ನಾದರೂ ನೋಡಬೇಕು. ಡೆನ್ಮಾರ್ಕಿನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿಸ್ಟ್ ಎದುರಿಗೆ ವಾರಕ್ಕೆ ಎರಡರಂತೆ 12 ತರಗತಿ, ಜೊತೆಗೆ ಕಾಯಿಲೆಯ ತಿಳಿವಳಿಕೆ. ಬೇರೆ ದೇಶಗಳೂ ಅದನ್ನು ತೆಗೆದುಕೊಂಡಿವೆ.

ನಮ್ಮಲ್ಲಿ ಬೇಕಾಗುವುದು ಒಂದು ಹಾಲ್, ಕೈ ಇಲ್ಲದ ಗಟ್ಟಿ ಕುರ್ಚಿಗಳು, ಮೊದಲ ಕೆಲವು ದಿನವಾದರೂ ಒಬ್ಬ ಫಿಸಿಯೋಥೆರಪಿಸ್ಟ್. ಐದು ನಿಮಿಷ ನಿಂತಲ್ಲೇ ನಡಿಗೆ. ಆಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕೂತು ಕಾಲು ನೀಡಿ ಐದು ಎಣಿಸುವುದು, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು, ತಲಾ ಎಂಟು ಹತ್ತು ಸಲ. ಸ್ವಲ್ಪ ನೋವು ಸಹಜ. ಮಾರನೆಯ ದಿನಕ್ಕೂ ನೋವು ಹೆಚ್ಚೇ ಇದ್ದರೆ ಮುಂದಿನ ಸಲ ಎಣಿಕೆ ಕಡಿಮೆ ಮಾಡಿ. ಕೀಲು ಬಿಸಿಯಾಗಿ ಕೆಂಪಾಗಿ ಊದಿದ್ದರೆ, ಜ್ವರವಿದ್ದರೆ ತರಗತಿ ಬಿಟ್ಟು ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಸಮಯ ಬೆಳಿಗ್ಗೆ ಪೂಜೆಯ ನಂತರ ಅಥವಾ ಸಂಜೆ 4ಕ್ಕೆ ಇದ್ದರೆ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಅಡ್ಡಿಯಿಲ್ಲ. ಅಷ್ಟಮಿ, ಚತುರ್ದಶಿ ಉಪವಾಸದ ದಿನ ತರಗತಿ ಬೇಡ; ಸಕ್ಕರೆ ಕಾಯಿಲೆಯವರಿಗೆ ಅಪಾಯ. ಮಳೆಗಾಲದಲ್ಲಿ ನಿಲ್ಲಿಸಬೇಡಿ, ಹೊರಗೆ ನಡೆಯಲಾಗದ ಆ ನಾಲ್ಕು ತಿಂಗಳಲ್ಲೇ ಕಾಲು ಬಿಗಿಯುವುದು. ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೆಟ್ಟದ್ದು.

ನೆಲದ ಮೇಲೆ ಕೂರಲಾಗದೆ ಬಸದಿಗೆ ಬರುವುದನ್ನೇ ಬಿಟ್ಟ ಹಿರಿಯರಿದ್ದಾರೆ. ಸಾಮಾಯಿಕವನ್ನು ಕುರ್ಚಿಯ ಮೇಲೆ ಕೂತೂ ಮಾಡಬಹುದು, ಗೋಡೆ ಬದಿಗೆ ನಾಲ್ಕು ಕುರ್ಚಿ ಹಾಕಿಡಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿ ಹೆಚ್ಚು ನೋಯುವುದು. ಇಳಿಯುವಾಗ ನೋವಿರುವ ಕಾಲನ್ನು ಮೊದಲು ಕೆಳಗಿಡಿ, ಕಂಬಿ ಹಿಡಿಯಿರಿ, ಆಗದಿದ್ದರೆ ಡೋಲಿ ಕೇಳಿ.