ಕಣಗಿನಹಾಳದ ಸಹಕಾರ ಸಂಘವೂ ನೆರೆಯವರ ಹೊಣೆಯೂ

ಐರೋಲಿಯಿರುವ ಠಾಣೆ ಜಿಲ್ಲೆಯೂ ಗದಗಿನ ಬಳಿಯ ಕಣಗಿನಹಾಳವು ಅಂದು ಸೇರಿದ್ದ ಧಾರವಾಡ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತ್ಯದ ಅಂಗಗಳಾಗಿದ್ದುವು. ಆ ಪ್ರಾಂತ್ಯದ ಗ್ರಾಮಸೇವೆಯ ಚರಿತ್ರೆಯಲ್ಲಿ ಕಣಗಿನಹಾಳಕ್ಕೆ ಅಗ್ರಸ್ಥಾನವುಂಟು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಹಕಾರ ಸಂಘವು ಭಾರತದ ಆದ್ಯ ಸಹಕಾರ ಸಂಘವೆಂದು ಪರಿಗಣಿತವಾಗಿದೆ.

ಇದಕ್ಕೆ ಆಧಾರವಾದ 1904ರ ಕಾಯಿದೆಯು ಜರ್ಮನಿಯ ರೈಫೈಸನ್ನನ ಮಾದರಿಯನ್ನು ಅನುಸರಿಸಿತು. ಒಂದೂರಿನ ಅಥವಾ ನೆರೆಹಳ್ಳಿಗಳ ಹತ್ತು ಜನರು ಕೂಡಿದರೆ ಸಂಘವನ್ನು ಕಟ್ಟಬಹುದಾಗಿತ್ತು. ಆದರೆ ಗ್ರಾಮಸಂಘದ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾದುದು. ಒಬ್ಬನು ತೀರಿಸದ ಸಾಲದ ಭಾರವು ಉಳಿದವರ ಹೊಲಮನೆಗಳ ಮೇಲೆ ಬೀಳಬಹುದಾಗಿತ್ತು. ಆದುದರಿಂದ ನೆರೆಯವನ ಬೆಳೆ, ನಡತೆ, ಅವನು ಸಾಲವನ್ನು ಬೇಡಿದ ಕಾರಣ ಇವೆಲ್ಲವೂ ಎಲ್ಲರ ವಿಚಾರಕ್ಕೆ ಬಂದುವು. ಸಾಹುಕಾರನು ಅಡವನ್ನು ನೋಡಿ ಸಾಲ ಕೊಡುತ್ತಿದ್ದನು. ಸಂಘಕ್ಕೆ ಪರಸ್ಪರ ಪರಿಚಯವೇ ಮೊದಲ ಬಂಡವಾಳವಾಯಿತು.

ಐರೋಲಿಯ ಗೃಹಸಂಕೀರ್ಣಗಳಲ್ಲಿ ನೆಲೆಸಿದ ಕನ್ನಡಿಗರು ಸಂಘ ಕಟ್ಟಹೊರಟರೆ ಚಂದಾ ಸುಲಭವಾಗಿ ಕೂಡೀತು. ಪಕ್ಕದ ಮನೆಯವನಿಗಾಗಿ ಹೊಣೆ ನಿಲ್ಲುವಷ್ಟು ಪರಿಚಯವನ್ನು ಗಳಿಸುವುದೇ ಕಷ್ಟತರವಾದುದು. ಕಣಗಿನಹಾಳದ ರೈತರು ಆರಂಭಿಸಿದುದು ಅಲ್ಲಿಂದಲೇ.