ಬಾಲ ಬೆಳೆದರೆ ಬಾಳೂ ಉಂಟು, ಸಾವೂ ಉಂಟು

ಕೆಲಸವೇನೆಂದು ತಿಳಿಯುವ ಮೊದಲೇ ಕೆಲಸಗಾರ ಸಿಕ್ಕಿಬಿಡುವುದು ಜೀವವಿಜ್ಞಾನದಲ್ಲಿ ಹೊಸತಲ್ಲ. 1960ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಮೇರಿ ಎಡ್ಮಂಡ್ಸ್ ಮತ್ತು ರಿಚರ್ಡ್ ಏಬ್ರಾಮ್ಸ್ ಅವರಿಗೆ ಹಾಗೆ ಸಿಕ್ಕಿದ್ದು ಒಂದು ಕಿಣ್ವ. ಕರುವಿನ ಥೈಮಸ್ ಗ್ರಂಥಿಯ ಕೋಶಕೇಂದ್ರಗಳಿಂದ ಬೇರ್ಪಡಿಸಿದ ಈ ಕಿಣ್ವ ಒಂದೇ ಅಕ್ಷರವನ್ನು ಮತ್ತೆ ಮತ್ತೆ ಪೋಣಿಸುತ್ತಿತ್ತು. ಆರ್‌ಎನ್‌ಎ ಎಂಬುದು ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳ ಸರ. ಅದರಲ್ಲಿ ಬರಿಯ 'ಎ' ಎಂಬ ಅಕ್ಷರವನ್ನೇ ಬರೆಯುತ್ತ ಹೋದರೆ ಅರ್ಥವೇನು ಬಂತು? ಹತ್ತು ವರ್ಷ ಈ ಪ್ರಶ್ನೆ ಹಾಗೆಯೇ ಉಳಿಯಿತು.

ಉತ್ತರ ಬಂದದ್ದು 1971ರಲ್ಲಿ. ಎಡ್ಮಂಡ್ಸ್, ಜೇಮ್ಸ್ ಡಾರ್ನೆಲ್ ಮತ್ತು ಜಾರ್ಜ್ ಬ್ರಾವರ್‌ಮನ್ ಅವರ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು. ಪ್ರೋಟೀನ್ ತಯಾರಿಕೆಯ ಸಂದೇಶ ಹೊರುವ ಆರ್‌ಎನ್‌ಎಯ ತುದಿಗೆ ಸುಮಾರು ಇನ್ನೂರು 'ಎ'ಗಳ ಬಾಲವಿತ್ತು. ಬಾಲವಿದ್ದಷ್ಟು ಕಾಲ ಸಂದೇಶಕ್ಕೆ ರಕ್ಷಣೆ. ಅದು ಸವೆದಂತೆ ಸಂದೇಶದ ಆಯುಸ್ಸೂ ಮುಗಿಯುತ್ತದೆ. ಪಠ್ಯಪುಸ್ತಕಗಳು ಬಾಲವನ್ನು ಆಯುಸ್ಸಿನ ಗುರುತೆಂದೇ ಬರೆದುಕೊಂಡವು.

ಆದರೆ ಎಲ್ಲ ಆರ್‌ಎನ್‌ಎಗಳೂ ಸಂದೇಶವಾಹಕಗಳಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನಿನ ಸೂತ್ರವಿರುವ ಭಾಗ ಶೇಕಡ 2ಕ್ಕಿಂತ ಕಡಿಮೆ. ಪ್ರೋಟೀನಿನ ಸೂತ್ರವಿಲ್ಲದೆ, ತಾವೇ ಕೆಲಸಕ್ಕಿಳಿಯುವ ಆರ್‌ಎನ್‌ಎಗಳು ಹಲವು. ಇವು ಹುಟ್ಟುವಾಗ ಬೇಕಾದ್ದಕ್ಕಿಂತ ಉದ್ದ. ಬಡಗಿ ಮರವನ್ನು ಕೊರೆದು ಹೆರೆದು ಅಳತೆಗೆ ತರುವಂತೆ ಕೋಶ ಇವನ್ನು ಕತ್ತರಿಸಿ, ತುದಿ ಸವರಿ ಸಿದ್ಧಮಾಡುತ್ತದೆ. ಸವರುವ ಮುಖ್ಯ ಯಂತ್ರವಾದ 'ಎಕ್ಸೋಸೋಮ್' 1997ರಲ್ಲಿ ಯೀಸ್ಟಿನಲ್ಲಿ ಪತ್ತೆಯಾಯಿತು. ಕೆಟ್ಟ ಆರ್‌ಎನ್‌ಎಯನ್ನು ಪೂರ್ತಿ ನುಂಗಿಹಾಕುವುದೂ ಅದೇ.

ಯಾವುದನ್ನು ಬರೇ ಸವರಬೇಕು, ಯಾವುದನ್ನು ನುಂಗಬೇಕು? 2005ರಲ್ಲಿ ಬಾಸೆಲ್, ಪ್ಯಾರಿಸ್ ಮತ್ತು ಎಡಿನ್‌ಬರೋದ ಪ್ರಯೋಗಾಲಯಗಳಿಂದ ಬಂದ ವರದಿಗಳು ಹಳೆಯ ಪಾಠವನ್ನು ತಲೆಕೆಳಗು ಮಾಡಿದವು. ಸರಿಯಾಗಿ ರೂಪುಗೊಳ್ಳದ ಅಥವಾ ಬೇಡವಾದ ಆರ್‌ಎನ್‌ಎಗೆ ಯೀಸ್ಟಿನ ಇನ್ನೊಂದು ಕಿಣ್ವ 'ಎ'ಗಳ ಗಿಡ್ಡ ಬಾಲ ಅಂಟಿಸುತ್ತದೆ. ಆ ಬಾಲ ಕಂಡರೆ ಎಕ್ಸೋಸೋಮ್ ಅದನ್ನು ಕಬಳಿಸುತ್ತದೆ. ಅಲ್ಲಿ ಆಯುಸ್ಸಿನ ಗುರುತು, ಇಲ್ಲಿ ಮರಣಪತ್ರ! ಬ್ಯಾಕ್ಟೀರಿಯಾಗಳಲ್ಲಿ ಬಾಲ ನಾಶಕ್ಕೆ ದಾರಿಯೆಂಬುದು ಮೊದಲೇ ತಿಳಿದಿತ್ತು, ನಿಜ. ಆದರೆ ಅದು ಬ್ಯಾಕ್ಟೀರಿಯಾಗಳ ವಿಚಿತ್ರವೆಂದು ಭಾವಿಸಿದವರೇ ಹೆಚ್ಚು.

ಇದರ ಹಿಂದಿನ ಕಾರಣ ಸರಳವಾದದ್ದು. ಇಂಥ ಆರ್‌ಎನ್‌ಎಗಳು ಬಿಗಿಯಾಗಿ ಮಡಿಸಿಕೊಂಡಿರುತ್ತವೆ. ನೂಲಿನ ಉಂಡೆಯ ತುದಿ ಒಳಗೆ ಸೇರಿಕೊಂಡರೆ ಬಿಚ್ಚುವುದು ಹೇಗೆ? ಬಾಲವೆಂದರೆ ಹೊರಗೆ ಇಳಿಬಿಟ್ಟ ತುದಿ. ಎಕ್ಸೋಸೋಮ್ ಅಲ್ಲಿಂದ ಹಿಡಿದು ಎಳೆಯುತ್ತದೆ.

ಯೀಸ್ಟಿನ ಈ ಮಾತು ಮನುಷ್ಯನ ರೋಗಕ್ಕೆ ತಾಗಿದ್ದು 'ಟೆಲೊಮರೇಸ್' ಮೂಲಕ. ಕೋಶ ಒಡೆದಾಗಲೆಲ್ಲ ಸವೆಯುವ ವರ್ಣತಂತುಗಳ ತುದಿಯನ್ನು ಸರಿಪಡಿಸುವ ಕಿಣ್ವವಿದು. ಅದರೊಳಗೆ 451 ಅಕ್ಷರಗಳ ಒಂದು ಆರ್‌ಎನ್‌ಎ ಇದೆ. ಪಿಎಪಿಡಿ5 ಎಂಬ ಕಿಣ್ವ ಇದಕ್ಕೆ ಬಾಲ ಹಚ್ಚಿದರೆ, ಪಾರ್ನ್ ಎಂಬ ಕಿಣ್ವ ಆ ಬಾಲವನ್ನು ತೆಗೆಯುತ್ತದೆ. ಎರಡರ ಹಗ್ಗಜಗ್ಗಾಟದಲ್ಲಿ ಆರ್‌ಎನ್‌ಎ ಹದಕ್ಕೆ ಬರುತ್ತದೆ. ಪಾರ್ನ್ ಜೀನಿನಲ್ಲಿ ದೋಷವಿದ್ದರೆ ಬಾಲ ಉಳಿಯುತ್ತದೆ, ಆರ್‌ಎನ್‌ಎ ನಾಶವಾಗುತ್ತದೆ, ವರ್ಣತಂತುಗಳ ತುದಿ ಮೊಟಕಾಗುತ್ತದೆ. ಅಸ್ಥಿಮಜ್ಜೆ ರಕ್ತಕಣಗಳನ್ನು ಹುಟ್ಟಿಸಲಾರದೆ ಸೋಲುವ ಒಂದು ಆನುವಂಶಿಕ ಕಾಯಿಲೆಯ ಕೆಲವು ರೋಗಿಗಳಲ್ಲಿ ಈ ದೋಷವಿರುವುದು 2015ರಲ್ಲಿ ಗೊತ್ತಾಯಿತು.

ಸೋತ ಪಾರ್ನ್‌ಗೆ ಬಲ ತುಂಬುವುದು ಕಷ್ಟ. ಹಾಗಾದರೆ ಎದುರಾಳಿಯ ಕೈಯನ್ನೇ ಹಿಡಿದರೆ? ಎಡ್ಮಂಡ್ಸ್ ಕಂಡ ಕಿಣ್ವದ ದಾಯಾದಿಯಾದ ಪಿಎಪಿಡಿ5ನ್ನು ತಡೆಯುವ ರಾಸಾಯನಿಕಗಳನ್ನು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಿಗಳ ಆಕರಕೋಶಗಳಿಗೆ ಅವನ್ನು ಉಣಿಸಿದಾಗ ಮೊಟಕಾಗಿದ್ದ ತುದಿಗಳು ಮತ್ತೆ ಉದ್ದವಾದವು.